ಮಡಿಲ ಕೂಸಿಗೆ ಟಿಕೆಟ್ಟಿಲ್ಲ

ಚೌರಪ್ಪನವರು ಪಾವಗಡ–ಮಧುಗಿರಿ ರೂಟಿನ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದು ರಿಟೈರಾದವರು. ರಿಟೈರಾದ ದಿನ ಡಿಪೋದವರು ಚೀಲ ಇಸಿದುಕೊಂಡರು, ಟಿಕೆಟ್ ಮಿಷಿನ್ನು ಇಸಿದುಕೊಂಡರು, 'ರೈಟ್' ಅನ್ನುವ ಮಾತನ್ನು ಇಸಿದುಕೊಳ್ಳುವುದನ್ನು ಮಾತ್ರ ಮರೆತರು. ಹಾಗಾಗಿ ಅದು ಅವರ ಬಾಯಲ್ಲೇ ಉಳಿದುಬಿಟ್ಟಿದೆ. ಮುದ್ದೆ ಉಂಡು ಕೈತೊಳೆದರೆ 'ರೈಟ್'. ಹೆಂಡತಿ ಜಪಮಾಲಮ್ಮ ಹಾಲಿನ ಡೇರಿಗೆ ಹೊರಟರೆ 'ರೈಟ್'. ಒಂದು ಸಂಜೆ ಚರ್ಚಿನಲ್ಲಿ ಜಪಸರ ಹೇಳಿಸುತ್ತಿದ್ದವರು, ಕೊನೆಗೆ 'ಆಮೆನ್' ಅನ್ನಬೇಕಾದ ಕಡೆ 'ರೈಟ್' ಅಂದುಬಿಟ್ಟರು. ಮೊಣಕಾಲೂರಿ ಸುಸ್ತಾಗಿದ್ದ ಹೆಂಗಸರಿಗೆ ಅಷ್ಟೇ ಸಾಕಾಗಿತ್ತು, ಎದ್ದು ಸೆರಗು ಕೊಡವಿಕೊಂಡು ಹೊರಟೇಹೋದರು. ಕೊನೆಯ ಮಂಗಳಗೀತೆ ಅವತ್ತು ಹಾಡಲೇ ಇಲ್ಲ.

ಪುರವರದ ಕಡೆಯ ಅವರ ಊರಿನಲ್ಲಿ ಕಥೋಲಿಕರ ಮನೆ ಅಂದರೆ ಒಂದು ಬೀದಿಯಷ್ಟು. ಬೀದಿಯ ತುದಿಗೆ ಹೆಂಚಿನ ಪುಟ್ಟ ಚರ್ಚು. ಫಾದರ್ ರಾಯಪ್ಪನವರು ಭಾನುವಾರಕ್ಕೊಮ್ಮೆ ಮಧುಗಿರಿಯಿಂದ ಬೈಕಿನಲ್ಲಿ ಬಂದು ಪೂಜೆ ಮಾಡಿ ಹೋಗುತ್ತಾರೆ. ಮಿಕ್ಕ ದಿನಗಳ ಭಾರವೆಲ್ಲ ಚೌರಪ್ಪನವರ ಹೆಗಲಿಗೆ. ಅವರು ಅಲ್ಲಿಯ ಉಪದೇಶಿ. ಅಂದರೆ ಪ್ರಾರ್ಥನೆ ಹೇಳಿಸಬೇಕು, ಮಕ್ಕಳಿಗೆ ಜಪಗಳನ್ನು ಬಾಯಿಪಾಠ ಮಾಡಿಸಬೇಕು, ಹುಟ್ಟಿದ ಕೂಸುಗಳ ಅಪ್ಪ–ಅಮ್ಮನನ್ನು ಕೂರಿಸಿಕೊಂಡು, ತಲೆಗೆ ನೀರೆರೆದು ಸಭೆಗೆ ಸೇರಿಸುವ ಜ್ಞಾನಸ್ನಾನಕ್ಕೆ ಸಿದ್ಧ ಮಾಡಬೇಕು. ಇದೆಲ್ಲ ಅವರು ಬಸ್ಸಿನಲ್ಲಿ ಮಾಡಿದ ಹಾಗೇ ಮಾಡುತ್ತಾರೆ: ಯಾರನ್ನೂ ಹಿಂದೆ ಬಿಡುವುದಿಲ್ಲ, ಯಾರ ಮೇಲೂ ರೇಗುವುದಿಲ್ಲ, ಹಿಂದಿನ ಸೀಟಿನವರ ತನಕ ಹೋಗಿ ಕೇಳಿ ಬರುತ್ತಾರೆ.

ಬಾರದ್ದು ಒಂದೇ, ವಾದ. ವಾದ ಮಾಡುವುದು ಅವರ ಜಾತಕದಲ್ಲಿಲ್ಲ. ಕ್ರೈಸ್ತರಾದ್ದರಿಂದ ಜಾತಕವನ್ನೂ ಬರೆಸಿಲ್ಲ, ಆ ಮಾತು ಬೇರೆ. ಎದುರಿಗಿದ್ದವನು ಒಂದು ಮಾತು ಹೇಳಿದರೆ "ಅದೂ ನಿಜವೇ" ಅಂದುಬಿಡುತ್ತಾರೆ. ಅವನ ಎದುರಾಳಿ ಮತ್ತೊಂದು ಹೇಳಿದರೆ ಅವನಿಗೂ "ಅದೂ ನಿಜವೇ". ಜಪಮಾಲಮ್ಮನ ಲೆಕ್ಕದಲ್ಲಿ ಇಂಥ ಗಂಡನನ್ನು ಕಟ್ಟಿಕೊಂಡು ನ್ಯಾಯ ಪಂಚಾಯ್ತಿ ಗೆಲ್ಲುವುದು, ಪಂಕ್ಚರ್ ಆದ ಬಸ್ಸನ್ನು ನೂಕಿಕೊಂಡು ಪಾವಗಡ ಸೇರುವುದು ಎರಡೂ ಒಂದೇ.

ಇಂಥ ಚೌರಪ್ಪನವರಿಗೆ ದೇವರು ಎಂಥ ಅಳಿಯನನ್ನು ಕೊಟ್ಟ ಅಂದರೆ, ಬರೆದದ್ದನ್ನು ಬಿಟ್ಟು ಬೇರೆ ಏನನ್ನೂ ನಂಬದವನನ್ನು.

ಮುತ್ತುರಾಜ್ ಶಿರಾದಲ್ಲಿ ಲೈನ್‌ಮನ್. ಕೊರಟಗೆರೆ ತಾಲ್ಲೂಕಿನ ಕೊಳಾಲದ ಕಡೆಯವನು, ಈ ಹೆಂಚಿನ ಚರ್ಚಿನಲ್ಲೇ ಚೌರಪ್ಪನವರ ಮಗಳು ರೀಟಾಳ ಕೈಹಿಡಿದವನು. ಒಳ್ಳೆಯ ಹುಡುಗ. ಮದುವೆಯಾಗಿ ಶಿರಾದಲ್ಲಿ ಸಂಸಾರ ಹೂಡಿದ ಮೇಲೆ, ಅಲ್ಲಿ ಹಾರ್ಡ್‌ವೇರ್ ಅಂಗಡಿಯ ಮಹಡಿಯಲ್ಲಿದ್ದ ಒಂದು ಪ್ರಾರ್ಥನಾ ಕೂಟಕ್ಕೆ ಯಾರೋ ಕರೆದುಕೊಂಡು ಹೋದರು. ಅಲ್ಲಿ ಅವನ ಕೈಗೊಂದು ಬೈಬಲ್ ಕೊಟ್ಟರು. ಅವನು ಅದನ್ನು ಓದಿದ. ಓದಿದ ಅಂದರೆ ನಿಜವಾಗಿಯೂ ಓದಿದ. ಟೀ ಕುಡಿಯುವಾಗ, ಕಂಬದ ಬುಡದಲ್ಲಿ ಕೂತಾಗ, ರಜೆಯ ದಿನ ಇಡೀ ಹಗಲು. ಚೌರಪ್ಪನವರ ಮನೆಯಲ್ಲೂ ಬೈಬಲ್ ಇತ್ತು. ಗಾಜಿನ ಬೀರುವಿನಲ್ಲಿ, ಮದುವೆಗೆ ಬಂದ ಸ್ಟೀಲ್ ಲೋಟಗಳ ಪಕ್ಕ, ಅವುಗಳಷ್ಟೇ ಥಳಥಳ ಅನ್ನುತ್ತಾ. ಉಪದೇಶಿಯಾದ ಚೌರಪ್ಪನವರಿಗೆ ನಾಚಿಕೆಯಾಯಿತು, ಹೆಮ್ಮೆಯೂ ಆಯಿತು. "ನಮ್ಮ ಅಳಿಯಂದ್ರು ಬೈಬಲ್ ಓದ್ತಾರೆ" ಅಂತ ಬೀದಿಯಲ್ಲೆಲ್ಲ ಹೇಳಿಕೊಂಡು ಬಂದರು.

ಆಮೇಲೆ ಶುರುವಾಯಿತು, "ಎಲ್ಲಿ ಬರೆದೈತೆ ಮಾವ?"

ಜಪಸರ ಎಲ್ಲಿ ಬರೆದೈತೆ? ಬೂದಿ ಬುಧವಾರ ಹಣೆಗೆ ಬೂದಿ ಇಡೋದು ಎಲ್ಲಿ ಬರೆದೈತೆ? ಚೌರಪ್ಪನವರು ಇವನ್ನೆಲ್ಲ "ಹ್ಞೂಂ, ನೋಡಾನ" ಅಂತ ನುಂಗಿಕೊಂಡರು. ಆದರೆ ರೀಟಾ ಹೆಣ್ಣುಮಗು ಹೆತ್ತು, ತವರಿನಲ್ಲಿ ಬಾಣಂತನ ಮುಗಿಸಿ, ಈಸ್ಟರಿನ ಪಾಸ್ಕ ಹಬ್ಬಕ್ಕೆ ಕೂಸಿನ ಜ್ಞಾನಸ್ನಾನ ಅಂತ ಜಪಮಾಲಮ್ಮ ಬಿಳಿ ಫ್ರಾಕು ಹೊಲಿಸಿ ಇಟ್ಟಾಗ, ಮುತ್ತುರಾಜ್ ಕೈಕಟ್ಟಿ ನಿಂತು ಬಹಳ ಮರ್ಯಾದೆಯಿಂದಲೇ ಹೇಳಿದ:

"ಮಾವ, ಬೈಬಲ್ಲಲ್ಲಿ ಒಂದು ಹಸುಗೂಸಿಗೆ ಜ್ಞಾನಸ್ನಾನ ಕೊಟ್ಟಿದ್ದು ಒಂದೇ ಒಂದು ಕಡೆ ತೋರ್ಸಿ. ತೋರ್ಸಿದ ದಿನ ನಾನೇ ಎತ್ಕೊಂಡು ಬತ್ತೀನಿ. ಇಲ್ಲಾಂದ್ರೆ ಅವಳು ದೊಡ್ಡೋಳಾಗ್ಲಿ. ನಂಬಿಕೆ ಬಂದು ತಾನೇ ಕೇಳ್ಲಿ."

ಪಾಸ್ಕ ಹಬ್ಬ ಬಂತು, ಹೋಯಿತು. ಫ್ರಾಕು ಬೀರುವಿನಲ್ಲೇ ಉಳಿಯಿತು, ಬೈಬಲ್ ಪಕ್ಕ. ಊರಿನ ಕೂಸುಗಳಿಗೆಲ್ಲ ಜ್ಞಾನಸ್ನಾನ ಮಾಡಿಸಿದ ಉಪದೇಶಿಯ ಮೊಮ್ಮಗಳಿಗೇ ಇಲ್ಲ. ಬೀದಿಯವರು "ಏನ್ ಚೌರಪ್ಪಣ್ಣ, ನಿಮ್ಮನೆ ಬಸ್ಸು ಡಿಪೋ ಬುಟ್ಟೇ ಇಲ್ವಂತೆ" ಅಂತ ಚುಚ್ಚಿದರು. ಅದನ್ನು ತಡೆದುಕೊಳ್ಳಬಹುದಿತ್ತು. ರೀಟಾ ಫೋನಿನಲ್ಲಿ ಗಂಡನ ಕಡೆಗೂ ಮಾತಾಡಲಾರದೆ ಅಪ್ಪನ ಕಡೆಗೂ ಮಾತಾಡಲಾರದೆ, "ಕೂಸು ಚೆನ್ನಾಗೈತೆ ಕಣಪ್ಪ" ಅಂತಷ್ಟೇ ಹೇಳಿ ಇಟ್ಟುಬಿಡುತ್ತಿದ್ದಳು. ಅದನ್ನು ತಡೆದುಕೊಳ್ಳುವುದು ಕಷ್ಟವಿತ್ತು. ಅಳಿಯನಿಗೆ ಜೋರು ಮಾಡಿದರೆ ಮಗಳು ಕೈತಪ್ಪುತ್ತಾಳೆ. ಸುಮ್ಮನಿದ್ದರೆ ಕೂಸು ಜ್ಞಾನಸ್ನಾನವಿಲ್ಲದೆ ಬೆಳೆಯುತ್ತದೆ. ಎರಡು ಕಡೆಯಿಂದಲೂ ಬಸ್ಸು ಬಂದು ಕಿರಿದಾದ ಸೇತುವೆಯ ಮೇಲೆ ಎದುರುಬದುರು ನಿಂತ ಹಾಗಾಯಿತು.

ಚೌರಪ್ಪನವರು ಗಾಜಿನ ಬೀರು ತೆಗೆದರು. ಕನ್ನಡಕ ಒರೆಸಿಕೊಂಡು ಆ ಒಂದು ವಚನ ಹುಡುಕತೊಡಗಿದರು.

ಹುಡುಕುತ್ತಲೇ ಒಂದು ದಿನ ಶಿರಾಕ್ಕೆ ಹೋಗಿ ಅಳಿಯನ ಜೊತೆ ಟೀ ಅಂಗಡಿಯಲ್ಲಿ ಕೂತರು. ತಮ್ಮ ಸರ್ವೀಸಿನ ಅನುಭವದ ಮೇಲೆ ಒಂದು ವಾದ ಕಟ್ಟಿಕೊಂಡು ಬಂದಿದ್ದರು, ಪಾಪ.

"ನೋಡಪ್ಪ ಮುತ್ತುರಾಜ, ನಮ್ಮ ರೂಟಲ್ಲಿ ಹುಣಸೆಮರದ ಸ್ಟಾಪು ಅಂತ ಒಂದಿತ್ತು. ಬೋರ್ಡಲ್ಲಿ ಇಲ್ಲ, ಚಾರ್ಟಲ್ಲಿ ಇಲ್ಲ. ಪಾವಗಡದ ಕಡೆಯೋರು ತೆಲುಗಲ್ಲಿ 'ಆಪಂಡಿ ಆಪಂಡಿ' ಅಂತ ಕೂಗೋರು, ನಾವು ನಿಲ್ಸೋರು. ನನಗಿಂತ ಮುಂಚಿನ ಕಂಡಕ್ಟ್ರೂ ನಿಲ್ಸೋರು. ಬರೆದಿಲ್ಲ ಅಂತ ಅದು ಸ್ಟಾಪಲ್ವಾ?"

"ಚೆಕಿಂಗ್‌ನೋರು ಬಂದಿದ್ರೆ ಏನಂತಿದ್ರು ಮಾವ?"

"ಮೆಮೊ ಕೊಡ್ತಿದ್ರು."

"ಅಷ್ಟೇ ಮತ್ತೆ."

"ಅದೂ ನಿಜವೇ," ಅಂದರು ಚೌರಪ್ಪ.

ಮುತ್ತುರಾಜ್ ಗೆದ್ದೆನೆಂದು ನಗಲಿಲ್ಲ. ಲೋಟ ಕೆಳಗಿಟ್ಟು, "ನಾನು ಹಟಕ್ಕೆ ಅಂತಿಲ್ಲ ಮಾವ," ಅಂದ. "ನಮ್ ಕೆಲಸದಲ್ಲಿ ಲೈನ್ ಕ್ಲಿಯರ್ ಅಂತ ಒಂದು ಚೀಟಿ ಇರ್ತದೆ. ಲೈನಲ್ಲಿ ಕರೆಂಟ್ ತೆಗ್ದಿದೀವಿ, ಕಂಬ ಹತ್ತಬೋದು ಅಂತ ಬರ್ದು ಸೈನ್ ಹಾಕಿ ಕೊಡೋದು. ನನ್ ಜೊತೆ ಒಬ್ಬ ಇದ್ದ. ಯಾರೋ ಕೆಳಗಿಂದ 'ತೆಗ್ದೈತೆ ಹತ್ತಲೇ' ಅಂದ್ರು. ಬಾಯಿಮಾತು ನಂಬಿ ಹತ್ತಿದ. ಅವನನ್ನ ಇಳಿಸ್ದೋನು ನಾನೇ. ಅವತ್ತಿಂದ ಬರ್ದಿದ್ದು ನೋಡ್ದೆ ನಾನು ಯಾವುದುಕ್ಕೂ ಕೈ ಹಾಕಲ್ಲ."

ಚೌರಪ್ಪನವರು ತಮ್ಮ ಲೋಟವನ್ನೂ ಕೆಳಗಿಟ್ಟರು. ಇವನು ಹಟಮಾರಿಯಲ್ಲ, ಹೆದರಿದವನು. ಹೆದರಿದವನ ಹತ್ತಿರ ಗಟ್ಟಿಯಾಗಿ ಮಾತಾಡಬಾರದು ಅಂತ ಅವರಿಗೆ ಅವತ್ತು ಗೊತ್ತಾಯಿತು. ವಾಪಸು ಬರುವಾಗ ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ನಿಂತೇ ಬಂದರು. ಅಭ್ಯಾಸ.

ಆ ಭಾನುವಾರ ಪೂಜೆ ಮುಗಿದ ಮೇಲೆ ಫಾದರ್ ರಾಯಪ್ಪನವರು ಇವರ ಜಗುಲಿಯಲ್ಲಿ ಕೂತು ಹುರಿದ ಕಡಲೆಕಾಯಿ ಬಿಡಿಸುತ್ತಾ ವಿಷಯವೆಲ್ಲ ಕೇಳಿದರು.

"ನಿಮ್ಮ ಅಳಿಯ ಕೇಳೋದು ತಪ್ಪಲ್ಲ ಚೌರಪ್ಪನವರೇ. ಆದರೆ ಒಂದು ಯೋಚನೆ ಮಾಡಿ. ಯೇಸುಸ್ವಾಮಿ ಪುಸ್ತಕ ಬರೆದು ಶಿಷ್ಯರ ಕೈಗೆ ಕೊಡಲಿಲ್ಲ. 'ನನ್ನ ಜೊತೆ ಬನ್ನಿ' ಅಂದರು, ಆಮೇಲೆ 'ಹೋಗಿ ಸಾರಿ' ಅಂದರು. ಅವರು ಸಾರಿದರು, ರೊಟ್ಟಿ ಮುರಿದರು, ಜ್ಞಾನಸ್ನಾನ ಕೊಟ್ಟರು, ಅದನ್ನೆಲ್ಲ ಮುಂದಿನವರ ಕೈಗೆ ದಾಟಿಸಿದರು. ಹಾಗೆ ಬದುಕುತ್ತಿದ್ದವರ ಮಧ್ಯದಲ್ಲೇ ಶುಭಸಂದೇಶ ಬರಹವಾದದ್ದು. ಎಲ್ಲವನ್ನೂ ಬರೆದಿಲ್ಲ ಅಂತ ಬರೆದವರೇ ಹೇಳಿದ್ದಾರೆ. ಬಾಯಲ್ಲಿ ಕಲಿಸಿದ್ದನ್ನೂ ಕಾಗದದಲ್ಲಿ ಕಳಿಸಿದ್ದನ್ನೂ ಎರಡನ್ನೂ ಬಿಡಬೇಡಿ ಅಂತ ಪೌಲರು ಬುದ್ಧಿ ಹೇಳಿದ್ದಾರೆ. ಪವಿತ್ರ ಗ್ರಂಥ, ಪವಿತ್ರ ಪರಂಪರೆ, ಎರಡೂ ಒಂದೇ ಒರತೆಯಿಂದ ಹುಟ್ಟಿದ್ದು. ಇನ್ನೊಂದು ಮಾತು. ಇವಿಷ್ಟೇ ಪುಸ್ತಕಗಳು ದೇವರ ವಾಕ್ಯ, ಮಿಕ್ಕವಲ್ಲ ಅಂತ ಆ ಪುಸ್ತಕದೊಳಗೆ ಎಲ್ಲಿ ಬರೆದಿದೆ? ಅದನ್ನು ಗುರುತಿಸಿ ಹೇಳಿದ್ದು ಧರ್ಮಸಭೆ, ತಾನು ಮೊದಲಿಂದ ಪಡೆದುಕೊಂಡು ಬಂದ ಪರಂಪರೆಯ ಬೆಳಕಿನಲ್ಲಿ."

ಜಪಮಾಲಮ್ಮನಿಗೆ ಉತ್ಸಾಹ ಬಂತು. "ನೋಡುದ್ರಾ, ನಾನೂ ಅದನ್ನೇ ಅನ್ನೋದು. ನಮ್ಮತ್ತೆ ಮಾಡಿದ್ದನ್ನೆಲ್ಲ ಮಾಡ್ಬೇಕು. ಹಬ್ಬಕ್ಕೆ ಹಂದಿಮಾಂಸ ಮಾಡೋದೂ ಪರಂಪರೇನೇ."

"ಅಲ್ಲಮ್ಮ," ಫಾದರ್ ಸಿಪ್ಪೆ ಪಕ್ಕಕ್ಕಿಟ್ಟರು. "ಅದು ರೂಢಿ. ಬಿಟ್ಟರೂ ನಡೆಯುತ್ತದೆ. ಪ್ರೇಷಿತರಿಂದ, ಅಂದರೆ ಯೇಸುಸ್ವಾಮಿ ಕಳಿಸಿದ ಆ ಮೊದಲ ಶಿಷ್ಯರಿಂದ, ಬಂದದ್ದು ಪರಂಪರೆ, ಅದನ್ನು ಬಿಡುವ ಅಧಿಕಾರ ಪೋಪರಿಗೂ ಇಲ್ಲ, ನನಗೂ ಇಲ್ಲ."

"ಬುಡಕ್ಕಾಗಲ್ಲ ಅಂತ ಹಂದಿಮಾಂಸಕ್ಕೂ ಹೇಳಿದ್ರೆ ಚೆನ್ನಾಗಿತ್ತು," ಅಂತ ಜಪಮಾಲಮ್ಮ ಒಳಗೆ ಹೋದರು. ಆ ಭಾನುವಾರ ಫಾದರಿಗೆ ಎರಡನೆಯ ಸಲ ಕಾಫಿ ಸಿಗಲಿಲ್ಲ.

ಫಾದರ್ ಹೊರಡುವಾಗ ಚೌರಪ್ಪನವರಿಗೆ ಬೈಬಲ್ಲಿನಲ್ಲಿ ಒಂದು ಜಾಗ ಗುರುತು ಮಾಡಿ ಕೊಟ್ಟರು. ಲಿಡಿಯಾ ಅಂತ ಒಬ್ಬ ವ್ಯಾಪಾರದ ಹೆಂಗಸು. ಪೌಲರ ಮಾತು ಕೇಳಿ ಅವಳೂ ಅವಳ ಮನೆಮಂದಿಯೂ ಜ್ಞಾನಸ್ನಾನ ಪಡೆದರಂತೆ. ಮನೆಮಂದಿ. ಚೌರಪ್ಪನವರ ಕಣ್ಣು ಅರಳಿತು. ಮನೆಮಂದಿ ಅಂದಮೇಲೆ ಕೂಸಿರದೇ ಇರುತ್ತದೆಯೇ. ಕಂಡಕ್ಟರಿಗಿಂತ ಇದು ಇನ್ಯಾರಿಗೆ ಗೊತ್ತು. ಆಗಲೇ ಅಳಿಯನಿಗೆ ಫೋನು ಹಚ್ಚಿದರು.

"ಮುತ್ತುರಾಜ, ಬಸ್ಸಿಗೆ ಒಂದು ಸಂಸಾರ ಹತ್ತುತ್ತೆ ಅಂತ ಇಟ್ಕೊ. ಗಂಡ, ಹೆಂಡ್ತಿ, ಅತ್ತೆ, ಮಡಿಲಲ್ಲೊಂದು ಕೂಸು. ಮಡಿಲ ಕೂಸಿಗೆ ಟಿಕೆಟ್ಟಿಲ್ಲ. ಟಿಕೆಟ್ ಲೆಕ್ಕದ ವೇಬಿಲ್ಲಲ್ಲಿ ಅದನ್ನ ಬರೆಯೋದೂ ಇಲ್ಲ. ನಾಳೆ ಯಾರಾದ್ರೂ ನನ್ನ ವೇಬಿಲ್ ತೆಗೆದು ನೋಡಿ, 'ಇವನ ಬಸ್ಸಲ್ಲಿ ಇಷ್ಟು ವರ್ಷ ಒಂದು ಕೂಸೂ ಓಡಾಡಿಲ್ಲ' ಅಂದ್ರೆ ಹೆಂಗಿರ್ತದೆ? ಬಸ್ ತುಂಬ ಅಳ್ತಾ ಇರ್ಲಿಲ್ವಾ ಅವು?"

ಆ ಕಡೆ ಮುತ್ತುರಾಜ್ ನಕ್ಕುಬಿಟ್ಟ. ಬಹಳ ದಿನದ ಮೇಲೆ ನಕ್ಕದ್ದು. ಆಮೇಲೆ ಅಂದ, "ಚೆನ್ನಾಗಿ ಹೇಳುದ್ರಿ ಮಾವ. ಆದ್ರೆ ಬರೀದೇ ಇದ್ದ ಮೇಲೆ, ಆ ಲಿಡಿಯಾನ ಮನೇಲಿ ಕೂಸು ಇತ್ತು ಅಂತ ಗ್ಯಾರಂಟಿ ಹೇಳೋಕಾಗ್ತದಾ?"

ಚೌರಪ್ಪ ಯೋಚಿಸಿದರು. ಸರ್ವೀಸಿನುದ್ದಕ್ಕೂ ಇಲ್ಲದ ಟಿಕೆಟ್ಟನ್ನು ಇದೆ ಅಂದವರಲ್ಲ. "ಇಲ್ಲ ಕಣಪ್ಪ. ಗ್ಯಾರಂಟಿ ಹೇಳಕ್ಕಾಗಲ್ಲ. ಅದೂ ನಿಜವೇ." ಆಮೇಲೆ ಫಾದರ್ ಅಂದದ್ದು ನೆನಪಾಗಿ, ಸುಮ್ಮನೆ ತಿಳಿದುಕೊಳ್ಳುವುದಕ್ಕೆ ಅನ್ನುವ ಹಾಗೆ ಕೇಳಿದರು: "ಅಂದಂಗೆ, ಬೈಬಲ್ಲಲ್ಲಿ ಇಂತಿಂಥ ಪುಸ್ತಕ ಇರ್ಬೇಕು ಅಂತ ಬೈಬಲ್ಲಲ್ಲಿ ಎಲ್ಲೈತಪ್ಪ? ನನ್ ಕಣ್ಣಿಗೆ ಬೀಳ್ಲಿಲ್ಲ. ನೀನು ನನಗಿಂತ ಓದಿದೋನು, ಸಿಕ್ಕಿದ್ರೆ ಹೇಳು."

ಫೋನಿಟ್ಟ ಮೇಲೆ ಜಪಮಾಲಮ್ಮ ತಲೆ ಚಚ್ಚಿಕೊಂಡರು. "ಗೆಲ್ಲೋ ಮಾತು ಬಾಯಿಗೆ ಬಂದಿತ್ತು, ನೀವೇ ಉಗುಳ್ಬುಟ್ರಿ. ಇತ್ತು ಅಂದ್ಬುಟ್ಟಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?"

"ನಾನು ಆ ಮನೆಗೆ ಹೋಗಿಲ್ವಲ್ಲ ಮಾರಾಯ್ತಿ."

ಅಲ್ಲಿಗೆ ಅವರು ಒಂದು ತೀರ್ಮಾನಕ್ಕೆ ಬಂದರು. ಅಳಿಯ ಕೇಳಿದ ಹಾಗೆ, ಕೂಸು ಅಂತ ಬರೆದ ವಚನ ಇಲ್ಲ. ಇಲ್ಲ ಅನ್ನುವುದನ್ನು ಮುಖಕ್ಕೆ ಮುಖ ಕೊಟ್ಟು ಹೇಳಿ ಬರಬೇಕು. ಆಮೇಲಿನದು ದೇವರಿಗೆ ಬಿಟ್ಟದ್ದು.

ಮುತ್ತುರಾಜ್ ಆ ವಾರ ಹೆಂಡತಿ ಮಗಳ ಜೊತೆ ತನ್ನ ಊರಿಗೆ ಹೋಗಿದ್ದ. ಕೊಳಾಲದ ಆಚೆ ಗುಡ್ಡದ ಕೆಳಗಿನ ಆ ಊರಿನಲ್ಲಿ ಒಂದು ತಲಪರಿಗೆ ಇದೆ. ಮರಳುನೆಲದಲ್ಲಿ ತಾನೇ ಒಸರುವ ಬುಗ್ಗೆ ಅದು. ಒಸರಿದ್ದು ಕಾಲುವೆ ಹಿಡಿದು ಗದ್ದೆಗೆ ಹರಿಯುತ್ತದೆ. ಸುತ್ತ ಬೋರ್‌ವೆಲ್ಲುಗಳು ಬಂದು ಎಷ್ಟೋ ಊರಿನ ತಲಪರಿಗೆ ಬತ್ತಿದವು, ಇದು ಉಳಿದುಕೊಂಡಿದೆ. ಬೇಸಿಗೆಯಲ್ಲಿ ಒಂದು ದಿನ ಊರಿನ ಪ್ರತಿ ಮನೆಯಿಂದ ಒಂದು ಆಳು ಇಳಿದು ಹೂಳು ತೆಗೆಯಬೇಕು. ಮುತ್ತುರಾಜ್ ಯಾವ ಹಬ್ಬಕ್ಕೆ ರಜ ಹಾಕದಿದ್ದರೂ ಆ ದಿನಕ್ಕೆ ಹಾಕುತ್ತಿದ್ದ.

ಚೌರಪ್ಪನವರು ಹೋದಾಗ ಅಳಿಯ ಸೊಂಟದ ತನಕ ಕೆಸರಲ್ಲಿದ್ದ. ರೀಟಾ ಕೂಸನ್ನೆತ್ತಿಕೊಂಡು ಹೊಂಗೆ ಮರದ ನೆರಳಿನಲ್ಲಿದ್ದಳು. ಇವರು 'ಮುತ್ತುರಾಜ, ಒಂದು ಮಾತು' ಅಂತ ಬಾಯಿ ತೆಗೆಯುವಷ್ಟರಲ್ಲಿ, ಊರಿನ ಹಿರಿಯ ಓಬಳಯ್ಯ ಕೆಳಗಿಂದ, "ಬೀಗ್ರು ಬಂದ್ರು, ಬಾಂಡ್ಲಿ ಕೊಡ್ರಲೇ" ಅಂದ. ಬಿಳಿ ಪಂಚೆಯ ಬೀಗರು ಬಾಂಡ್ಲಿ ಹಿಡಿದು ಸಾಲಿನಲ್ಲಿ ನಿಂತರು. ಹೂಳು ತುಂಬಿದ ಬಾಂಡ್ಲಿ ಕೈಯಿಂದ ಕೈಗೆ ದಾಟುತ್ತಿತ್ತು. ಚೌರಪ್ಪ ಪ್ರತಿ ಬಾಂಡ್ಲಿ ದಾಟಿಸುವಾಗಲೂ ತಮಗೇ ತಿಳಿಯದೆ 'ರೈಟ್' ಅನ್ನುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಇಡೀ ಸಾಲು 'ರೈಟ್, ರೈಟ್' ಅನ್ನತೊಡಗಿತ್ತು.

ಕೊನೆಗೆ ತಳದ ಮರಳು ಬೆಳ್ಳಗೆ ಕಂಡಿತು. ಕದಡಿದ ನೀರು ಹರಿದುಹೋಗಿ, ಬುಗ್ಗೆಯಿಂದ ತಿಳಿನೀರು ಒಸರತೊಡಗಿತು. ಓಬಳಯ್ಯ ಕೈ ತೊಳೆದು, "ಈ ವರ್ಷ ಹುಟ್ಟಿದ್ದು ಯಾರ ಮನೇಲಪ್ಪ, ತನ್ನಿ" ಅಂದ.

ರೀಟಾ ಗಂಡನ ಮುಖ ನೋಡಿದಳು. ಮುತ್ತುರಾಜ್ ಕೆಸರುಗೈಯನ್ನು ತೊಡೆಗೆ ಒರೆಸಿಕೊಂಡು ತಾನೇ ಕೂಸನ್ನು ಎತ್ತಿ ತಂದು ಮುದುಕನ ಮುಂದೆ ಹಿಡಿದ. ಆ ಊರಿನ ಪದ್ಧತಿ ಅದು. ಹೂಳು ತೆಗೆದ ದಿನದ ಮೊದಲ ತಿಳಿನೀರನ್ನು ಹೊಸ ಕೂಸಿನ ಪಾದಕ್ಕೆ ಮುಟ್ಟಿಸಿದರೆ ಅದಕ್ಕೆ ಆ ನೀರಿನ ಹಕ್ಕು ಬಂದ ಹಾಗೆ. ಯಾವ ಜಾತಿಯ ಮನೆಯದಾದರೂ ಸರಿ.

ತಿಂಗಳುಗಟ್ಟಲೆ ಒಂದೇ ಪ್ರಶ್ನೆ ಕೇಳಿಸಿಕೊಂಡವರ ಬಾಯಲ್ಲಿ ಆ ಪ್ರಶ್ನೆಯೇ ಕೂತುಬಿಡುತ್ತದೆ. ಚೌರಪ್ಪನವರು ಯಾವ ಉದ್ದೇಶವೂ ಇಲ್ಲದೆ ಕೇಳಿಬಿಟ್ಟರು: "ಅಲ್ಲ ಓಬಳಯ್ಯನೋರೇ, ಇಷ್ಟು ಎಳೇ ಕೂಸು. ದೊಡ್ಡೋಳಾಗಿ ತಾನೇ ಬೇಕು ಅಂತ ಕೇಳ್ದಾಗ ಕೊಟ್ರಾಗಲ್ವಾ?"

"ಏನ್ ಬೀಗ್ರೇ ಇಂಗಂತೀರಿ." ಓಬಳಯ್ಯ ಕೂಸಿನ ಪಾದ ಒದ್ದೆ ಮಾಡುತ್ತಲೇ ಅಂದ. "ಮಾತು ಬರೋಗಂಟ ಕೂಸಿಗೆ ನೀರು ಕುಡುಸ್ದೆ ಮಡಿಕ್ಕಂತೀರಾ? ಕೊಡೋದು ನಾವು. ದೊಡ್ಡೋಳಾಗಿ ಸನಿಕೆ ಹಿಡ್ದು ಹೂಳಿಗೆ ಇಳುದ್ಲು ಅಂದ್ರೆ, ಅವಳು ಒಪ್ಕಂಡ್ಲು ಅಂತ. ಇಳೀಲಿಲ್ಲ ಅಂದ್ರೆ ಅವಳ ಹಣೆಬರ."

"ಇದೆಲ್ಲ ಎಲ್ಲಾದ್ರೂ ಬರೆದೈತಾ?" ಅದೂ ಬಾಯಿಗೆ ಬಂದೇಬಿಟ್ಟಿತು.

"ನಮ್ಮಪ್ಪ ಇಂಗೇ ಮಾಡ್ತಿದ್ದ. ಬರೆಯೋಕೆ ಯಾರಿಗೆ ಪುರುಸೊತ್ತು?"

"ಬರೆದಿಟ್ರೆ ಒಳ್ಳೇದು ಕಣಜ್ಜ," ಅಂದ ಮುತ್ತುರಾಜ್. "ನಾಳೆ ಇಂಥ ಪದ್ಧತಿ ಇಲ್ಲ ಅಂತ ಯಾರೂ ಅನ್ನಬಾರ್ದು."

"ನೀನೇ ಬರಿ ಮಗ, ಬ್ಯಾಡ ಅಂದೋರ್ಯಾರು. ಆದ್ರೆ ಬರ್ದಿಟ್ಟು ಹೂಳು ತೆಗ್ಯೋದು ಬುಟ್ರೆ, ಆ ಕಾಗ್ದ ಹಿಂಡುದ್ರೆ ನೀರು ಬತ್ತದಾ?"

ಪುರಿ–ಬೆಲ್ಲ ಹಂಚಿದರು. ಕೂಸು ಒದ್ದೆ ಕಾಲು ಕುಣಿಸುತ್ತಾ ತಾತನ ಕೈಗೆ ಬಂತು. ಮಾವ, ಅಳಿಯ ಇಬ್ಬರೂ ಕಾಲುವೆಯ ದಂಡೆಯಲ್ಲಿ ಕೂತರು. ಚೌರಪ್ಪನವರು ಬಂದ ಕೆಲಸ ಮುಗಿಸಿದರು.

"ಸಿಕ್ಕಲಿಲ್ಲ ಕಣಪ್ಪ. ಹುಡುಕ್ದೆ, ಫಾದರ್ನೂ ಕೇಳ್ದೆ. ಮನೆಮಂದಿ ಅಂತೈತೆ, ಕೂಸು ಅಂತ ಇಲ್ಲ. ನೀನು ಕೇಳಿದ್ದು ನನ್ನ ಹತ್ರ ಇಲ್ಲ. ನನ್ನ ಹತ್ರ ಇರೋದು ನಮ್ಮಪ್ಪ ನನ್ನ ಹಂಗೇ ಎತ್ಕೊಂಡು ಹೋಗಿದ್ದ, ಅವನಪ್ಪ ಅವನ್ನ, ಅಂಗೇ ಹಿಂದಕ್ಕೆ ಹೋದ್ರೆ ಪ್ರೇಷಿತರವರೆಗೂ ಅಂತಾರೆ ಫಾದರ್. ನಾನು ಅದನ್ನ ನಂಬ್ತೀನಿ. ಇದುಕ್ಕೋಸ್ಕರ ನೀನು ರೀಟಾನ ಮೇಲೆ ಬೇಜಾರು ಮಾಡ್ಕಬೇಡ. ಅಷ್ಟೇ."

ಮುತ್ತುರಾಜ್ ಕಾಲುವೆಯ ನೀರಿನಲ್ಲಿ ಕೈಯ ಕೆಸರು ತೊಳೆದುಕೊಂಡ. "ಓಬಳಜ್ಜ ಅಂದಿದ್ದು ಕೇಳುಸ್ಲಿಲ್ವಾ ಮಾವ ನಿಮಗೆ?"

"ಕೇಳುಸ್ತು."

"ಅದನ್ನ ಹಿಡ್ಕೊಂಡು ನನ್ನ ಮುಖಕ್ಕೆ ಹೊಡೀಬೋದಿತ್ತು."

"ಹೌದಾ?" ಚೌರಪ್ಪ ನಿಜವಾಗಿ ಯೋಚಿಸಿದರು. "ಹೌದಲ್ವಾ. ನಿಮ್ಮತ್ತೆ ಇಲ್ಲಿದ್ದಿದ್ರೆ ಬುಡ್ತಿರ್ಲಿಲ್ಲ."

ಮುತ್ತುರಾಜ್ ನಕ್ಕ. ನಗು ಇಳಿದ ಮೇಲೆ ಮೆಲ್ಲಗೆ ಹೇಳಿದ, "ನೀವು ಫೋನಲ್ಲಿ ಕೇಳಿದ್ರಲ್ಲ, ಇಂತಿಂಥ ಪುಸ್ತಕ ಅಂತ ಎಲ್ಲೈತೆ ಅಂತ. ನಂಗೂ ಸಿಕ್ಕಲಿಲ್ಲ. ಕೂಟದಲ್ಲೂ ಕೇಳ್ದೆ. ಒಳ್ಳೇ ಜನ ಅವರು, ಹುಡುಕಿದ್ರು, ಅವರಿಗೂ ಸಿಕ್ಕಲಿಲ್ಲ. ಆಮೇಲಿಂದ ಲೈನ್ ಕ್ಲಿಯರ್ ಚೀಟಿದೇ ಯೋಚ್ನೆ ಆಗೋಗದೆ. ಅದೇ ಚೀಟಿ ರೋಡಲ್ಲಿ ಬಿದ್ದಿದ್ದು ಸಿಕ್ಕಿದ್ರೆ ನಾನು ಕಂಬ ಹತ್ತಲ್ಲ ಮಾವ. ಕರೆಂಟ್ ಸ್ಟೇಷನ್ನಲ್ಲಿ ಕೂತು ಲೈನ್ ತೆಗೆದೋನು ತನ್ನ ಕೈಯಾರೆ ಕೊಟ್ರೆ ಹತ್ತೋದು. ಚೀಟಿ ನಂಬ್ತೀನಿ, ಕೊಟ್ಟ ಕೈ ನಂಬಲ್ಲ ಅಂದ್ರೆ ಹೆಂಗೆ?"

ಚೌರಪ್ಪನವರಿಗೆ ಇದು ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. ಕರೆಂಟಿನ ವಿಷಯ ಅವರಿಗೆ ಮೊದಲಿಂದ ಅಷ್ಟಕ್ಕಷ್ಟೇ. ಅಳಿಯನ ದನಿಯಲ್ಲಿದ್ದ ಹೆದರಿಕೆ ಎಲ್ಲೋ ಕೆಳಗಿಳಿದಿದೆ ಅನ್ನುವುದು ಮಾತ್ರ ಪೂರ್ತಿ ತಿಳಿಯಿತು.

"ಅದೂ ನಿಜವೇ," ಅಂದರು.

"ಕೂಸನ್ನ ನಾನೇ ಎತ್ಕೊಂಡು ಬತ್ತೀನಿ. ಆದ್ರೆ ಒಂದು ಮಾತು," ಅಂದ ಮುತ್ತುರಾಜ್. "ಬೈಬಲ್ ಓದೋದು ನಾನು ಬಿಡಲ್ಲ. ನೀವೂ ಅದನ್ನ ಲೋಟದ ಪಕ್ಕ ಮಡಗೋದು ಬಿಡ್ಬೇಕು."

"ಆಗ್ಲೇ ಈಚೆ ತೆಗ್ದೀನಪ್ಪ. ಈಗ ಲೋಟಕ್ಕೇ ಬೇಜಾರಾಗೈತೆ."

ಅದಾದ ಎರಡನೆಯ ಭಾನುವಾರ ಹೆಂಚಿನ ಚರ್ಚು ತುಂಬಿತ್ತು. ಬಿಳಿ ಫ್ರಾಕು ಕೂಸಿಗೆ ಆಗಲೇ ಬಿಗಿಯಾಗಿತ್ತು, ಜಪಮಾಲಮ್ಮ ಹಿಂದೆ ಹೊಲಿಗೆ ಬಿಚ್ಚಿ ಪಿನ್ನು ಹಾಕಿದ್ದರು. ವಾಚನ ಓದುವುದು ಯಾವತ್ತೂ ಉಪದೇಶಿಯ ಕೆಲಸ. ಅವತ್ತು ಚೌರಪ್ಪನವರು ಕನ್ನಡಕ ಜೇಬಿಗಿಟ್ಟುಕೊಂಡು ಪಕ್ಕಕ್ಕೆ ಸರಿದರು, ಮುತ್ತುರಾಜ್ ಬಂದು ಓದಿದ. ಇವರು ಓದುವಾಗ ಮುಂದಿನ ಸ್ಟಾಪು ಕೂಗಿದ ಹಾಗಿರುತ್ತಿತ್ತು. ಅವನು ಒಂದೊಂದು ಮಾತನ್ನೂ ಕೈಯಲ್ಲಿ ಮುಟ್ಟಿ ನೋಡಿ ಇಡುವ ಹಾಗೆ ಓದಿದ. ನಾವೆಲ್ಲ ಇಷ್ಟು ದಿನ ಇದನ್ನೇನು ಕೇಳಿಸಿಕೊಂಡಿದ್ದೆವು ಅಂತ ಚೌರಪ್ಪನವರಿಗೆ ಅನ್ನಿಸಿತು.

ಫಾದರ್ ರಾಯಪ್ಪ ಕ್ರಮದ ಪ್ರಕಾರ ಕೇಳಿದರು, "ಮಗುವಿಗೆ ಯಾವ ಹೆಸರು ಇಡುತ್ತೀರಿ?"

ಹೆಸರನ್ನು ಅಪ್ಪನಾದವನು ಯಾರಿಗೂ ಹೇಳಿರಲಿಲ್ಲ, ಅತ್ತೆಗೂ ಕೂಡ.

"ಲಿಡಿಯಾ," ಅಂದ ಮುತ್ತುರಾಜ್.

ಚೌರಪ್ಪನವರು ತಲೆಯೆತ್ತಿ ನೋಡಿದರು. ಅಳಿಯ ಇತ್ತ ನೋಡಲಿಲ್ಲ, ಕೂಸಿನ ತಲೆಯನ್ನು ನೀರಿನ ಮೇಲೆ ಹಿಡಿಯುವುದರಲ್ಲಿದ್ದ. ಫಾದರ್ ನೀರೆರೆದರು, ಕೂಸು ಹೆಂಚು ಹಾರುವ ಹಾಗೆ ಅತ್ತಿತು. ಎಲ್ಲರೂ ಆಮೆನ್ ಅಂದರು. ಒಬ್ಬರು ಮಾತ್ರ ಬೇರೆ ಏನೋ ಅಂದರು.

ಮುಂದಿನ ಸಾಲಿನ ಹೆಂಗಸರು ಎದ್ದು ಹೊರಡಲು ನೋಡಿದರು. ಜಪಮಾಲಮ್ಮ ಸೆರಗು ಹಿಡಿದೆಳೆದು ಕೂರಿಸಿದರು.